ಊರೂ ದಿನವೂ ಇಲ್ಲದ ಸುದ್ದಿ

ನನ್ನ ಓದು ಏಳನೇ ತರಗತಿಗೆ ನಿಂತಿತು. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ಮೂವತ್ತು ಜನರಿಗೆ ವರ್ಷಗಟ್ಟಲೆ ಪೇಪರು ಓದಿ ಹೇಳಿದವನು ನಾನು. ಡಿಗ್ರಿ ಮಾಡಿದವರು ಇಬ್ಬರು ಅದೇ ಶೆಡ್ಡಿನಲ್ಲಿ ಹೊಲಿಯುತ್ತಿದ್ದರು. ಅವರೂ ನನ್ನ ಬಾಯಿಂದಲೇ ಸುದ್ದಿ ಕೇಳಿದರು. ಅಂಥ ನಾನು ಫೋನಿನಲ್ಲಿ ಬಂದ ಒಂದು ತುಂಡು ಕಾಗದ ನಂಬಿ, ಮಡಕಶಿರಾ ಕಡೆಯ ನಮ್ಮ ಊರಿನಲ್ಲಿ ಹೆಂಡತಿ ಸಾಕಿದ ಒಂದು ಬೆಳೆ ರೇಷ್ಮೆಗೂಡನ್ನು ಕೈಯಾರೆ ಹಾಳುಮಾಡಿದೆ. ಯಾರ ಮೇಲೆ ಎಷ್ಟು ಸಿಟ್ಟು ಮಾಡಬೇಕೋ ಇವತ್ತಿಗೂ ನನಗೆ ಗೊತ್ತಾಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಶೆಡ್ಡಿನ ವಿಷಯ. ತಗಡಿನ ಮಾಡು, ಎರಡು ಸಾಲು ಮಿಷಿನ್ನು. ನನ್ನದು ಜಿಪ್ಪು ಕೂಡಿಸುವ ಕೆಲಸ. ಊಟವಾದ ಮೇಲೆ ಕರೆಂಟು ಹೋಗುತ್ತಿತ್ತು, ಹೆಚ್ಚುಕಡಿಮೆ ದಿನಾ. ಮಿಷಿನ್ನುಗಳೆಲ್ಲ ಒಟ್ಟಿಗೆ ನಿಂತಾಗ ಕಿವಿಯೊಳಗೆ ಮಾತ್ರ ಇನ್ನೂ ಒಂದು ಮಿಷಿನ್ನು ಓಡುತ್ತಲೇ ಇರುತ್ತಿತ್ತು. ಅದು ಇಳಿಯುವ ಹೊತ್ತಿಗೆ ಕಟಿಂಗ್ ಮಾಸ್ತರು ಕತ್ತರಿ ಕೆಳಗಿಟ್ಟು, ಹಣೆಯ ವಿಭೂತಿಯ ಮೇಲಿಂದ ಬೆವರು ಒರೆಸಿಕೊಂಡು, "ಓದಪಾ ತಮ್ಮಾ" ಅನ್ನುತ್ತಿದ್ದರು. ಅವರು ರಾಯದುರ್ಗದವರೇ, ವಯಸ್ಸಾದವರು. ಬಟ್ಟೆ ಕತ್ತರಿಸುವುದರಲ್ಲಿ ಅವರ ಕೈ ಎಷ್ಟು ನೇರವೋ ಮಾತೂ ಅಷ್ಟೇ ನೇರ.

ಬಳ್ಳಾರಿ ಬಸ್ಸಿನಲ್ಲಿ ಬರುವ ಒಂದು ಕನ್ನಡ ಪೇಪರು, ಅನಂತಪುರದಿಂದ ಬರುವ ಒಂದು ತೆಲುಗು ಪೇಪರು, ಎರಡನ್ನೂ ಮಾಲೀಕರೇ ತರಿಸುತ್ತಿದ್ದರು. ಕನ್ನಡ ನನಗೆ ಶಾಲೆಯಿಂದ ಬಂದದ್ದು. ತೆಲುಗು ಮಾತು ಗೊತ್ತಿತ್ತು, ಅಕ್ಷರವನ್ನು ಆ ಪೇಪರಿನಿಂದಲೇ ಕಲಿತೆ. ಓದುತ್ತಾ ಕೂತು ನನ್ನ ಬಂಡಲು ಹಿಂದೆ ಬಿದ್ದರೆ, ಕರೆಂಟು ಬಂದ ಮೇಲೆ ಅಕ್ಕಪಕ್ಕದವರು ತಲಾ ಎರಡೆರಡು ಪೀಸು ಎತ್ತಿಕೊಂಡು ಹೊಲಿದು ನನ್ನ ಬಂಡಲಿಗೇ ಸೇರಿಸುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಓದುವವನಿಗೆ ಅದು ಸಲ್ಲಬೇಕು, ಅಷ್ಟೆ.

ಆದರೆ ಮಾಸ್ತರದು ಒಂದು ಷರತ್ತು ಇತ್ತು. ಶುರುವಿನ ದಿನಗಳಲ್ಲಿ ನಾನು ದಪ್ಪ ಅಕ್ಷರ ನೋಡಿ ನೇರ ಓದಿಬಿಡುತ್ತಿದ್ದೆ. ಒಂದು ದಿನ, "ಬಸ್ಸು ಪಲ್ಟಿ, ಮೂವರು ಸಾವು" ಎಂದೆ.

"ನಿಂದ್ರು," ಎಂದರು ಮಾಸ್ತರು. "ಯಾ ಊರಾಗ?"

"ಅದು ಸಣ್ಣಕ್ಷರದಾಗೆ ಐತೆ ಮಾಸ್ತ್ರೇ, ಆಮ್ಯಾಕೆ ಬತ್ತದೆ."

"ಸಣ್ಣಕ್ಷರದಾಗ ಇರಾದನ್ನ ಮೊದ್ಲು ಓದು. ಇಲ್ಲಿ ಮೂವತ್ತು ಮಂದಿ ಕುಂತಾರ. ನೀ ಊರು ಹೇಳಾತನ ಮೂವತ್ತೂ ಮಂದಿ ತಂತಮ್ಮ ಊರಾಗ ಬಸ್ಸು ಪಲ್ಟಿ ಹೊಡಿಸ್ಕೆಂಡು ಕುಂತಿರ್ತಾರ. ಆ ಅಕ್ಕನ ಮಾರಿ ನೋಡಲ್ಲಿ."

ನೋಡಿದೆ. ಗುಂಡಿ ಹಾಕುವ ಅಕ್ಕ ಬಿಳಚಿಕೊಂಡಿದ್ದಳು. ಅವಳ ಗಂಡ ಆ ಬೆಳಿಗ್ಗೆಯೇ ಭೈರವಾನಿತಿಪ್ಪದ ಬಸ್ಸು ಹತ್ತಿದ್ದನಂತೆ. ಪೇಪರಿನ ಬಸ್ಸು ಬಿದ್ದದ್ದು ಹಿಂದಿನ ದಿನ, ಎಲ್ಲೋ ನೆಲ್ಲೂರಿನ ಹತ್ತಿರ. ಅವತ್ತಿನಿಂದ ನಾನು ಪ್ರತಿ ಸುದ್ದಿಗೂ ಮೊದಲು ಊರು, ಆಮೇಲೆ ದಿನ, ಆಮೇಲೆ ವಿಷಯ ಎಂದು ಓದಿದೆ. ತಪ್ಪಿದರೆ ಮಾಸ್ತರು ಕತ್ತರಿ ಎತ್ತಿ ತೋರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಪೇಪರು ತಪ್ಪೇ ಬರೆಯುತ್ತಿರಲಿಲ್ಲ ಅಂತಲ್ಲ. ಒಮ್ಮೆ ಐಟಿಐ ಸೀಟಿನ ಅರ್ಜಿಗೆ ಕೊನೇ ದಿನ ತಪ್ಪು ಹಾಕಿತ್ತು. ನಮ್ಮ ಇಸ್ತ್ರಿಯವನು ಮಗನನ್ನು ಕರೆದುಕೊಂಡು ಅನಂತಪುರಕ್ಕೆ ಹೋಗಿ ಬರಿಗೈಲಿ ಬಂದ. ನಾವು ಐದಾರು ಜನ ಬಸ್‌ಸ್ಟ್ಯಾಂಡಿಗೆ ಹೋಗಿ ಪೇಪರ್ ಏಜೆಂಟನನ್ನು ಹಿಡಿದು ಬೈದೆವು. ಅವನು ಬೈಗಳನ್ನೆಲ್ಲ ಕೇಳಿಸಿಕೊಂಡು, ಮೇಲಿನವರಿಗೆ ಫೋನು ಹಚ್ಚಿದ. ಮೂರನೇ ದಿನ ಸಣ್ಣ ಚೌಕದಲ್ಲಿ ತಿದ್ದುಪಡಿ ಬಂತು. ಅದನ್ನೂ ನಾನು ಗಟ್ಟಿಯಾಗಿ ಓದಿದೆ. ಇಸ್ತ್ರಿಯವನಿಗೆ ಅದರಿಂದ ಏನೂ ಸಿಗಲಿಲ್ಲ, ನಿಜ. ಆದರೆ ಬೈಯುವುದಕ್ಕೆ ಒಬ್ಬ ಇದ್ದ. ಬೈಸಿಕೊಂಡವನು ಮರುದಿನವೂ ಅದೇ ಬಸ್‌ಸ್ಟ್ಯಾಂಡಿನಲ್ಲಿ ಅದೇ ಪೇಪರು ಮಾರುತ್ತಾ ನಿಂತಿರುತ್ತಿದ್ದ.

ಓದಿ ಮುಗಿದ ಪೇಪರುಗಳು ನನಗೇ ಸೇರುತ್ತಿದ್ದವು. ತಿಂಗಳಿಗೊಮ್ಮೆ ಊರಿಗೆ ಹೋಗುವಾಗ ಕಟ್ಟು ಕಟ್ಟಿ ತೆಗೆದುಕೊಂಡು ಹೋಗುತ್ತಿದ್ದೆ. ನಮ್ಮೂರು ಮಡಕಶಿರಾ ಕಡೆಯ ಗುಡಿಬಂಡೆಗೆ ಹತ್ತಿರ. ಬೋರಿನ ನೀರಿನ ಒಂದು ಎಕರೆಯಲ್ಲಿ ಹಿಪ್ಪುನೇರಳೆ ಹಾಕಿ ನನ್ನ ಹೆಂಡತಿ ರೇಷ್ಮೆ ಹುಳು ಸಾಕುತ್ತಿದ್ದಳು. ತಟ್ಟೆಯ ಮೇಲೆ ಪೇಪರು ಹಾಸಿ, ಅದರ ಮೇಲೆ ಮರಿ ಹುಳು ಬಿಟ್ಟು, ಎಳೆ ಸೊಪ್ಪು ಹೆಚ್ಚಿ ಉದುರಿಸುತ್ತಾರೆ. "ನಿಮ್ ಸುದ್ದಿ ಎಲ್ಲಾ ನಮ್ ಉಳ ಓದ್ತವೆ," ಎಂದು ನಗುತ್ತಿದ್ದಳು. ಮಿಕ್ಕ ಪೇಪರನ್ನು ಅಟ್ಟದ ಮೇಲೆ ಜೋಡಿಸಿಡುತ್ತಿದ್ದಳು.

ಆಮೇಲೆ ಫೋನು ಬಂತು. ಮೊದಲು ಒಬ್ಬನ ಕೈಯಲ್ಲಿ, ಆರು ತಿಂಗಳಲ್ಲಿ ಎಲ್ಲರ ಕೈಯಲ್ಲಿ. ಕರೆಂಟು ಹೋಗುವುದೂ ಕಮ್ಮಿಯಾಯಿತು. ಹೋದಾಗ ಎಲ್ಲರೂ ತಲೆ ಬಗ್ಗಿಸಿಕೊಂಡು ಕಿವಿಗೆ ವೈರು ಸಿಕ್ಕಿಸಿಕೊಳ್ಳುತ್ತಿದ್ದರು. ನಾನು ಪೇಪರು ಬಿಡಿಸಿದರೆ, ಕಲ್ಯಾಣದುರ್ಗದಿಂದ ಹೊಸದಾಗಿ ಬಂದ ಟೈಲರೊಬ್ಬ ತಲೆ ಎತ್ತದೆ ಹೇಳುತ್ತಿದ್ದ: "ಅದು ನಿನ್ನೇದಣ್ಣಾ. ನೀ ಊರು, ದಿನ ಅಂತ ಹೇಳಾದ್ರೊಳಗ ನಾ ಹತ್ತು ಸುದ್ದಿ ನೋಡಿ ಮುಗಿಸಿರ್ತೀನಿ."

"ಹತ್ತರಾಗ ಖರೇ ಎಷ್ಟಪಾ?" ಎಂದು ಮಾಸ್ತರು ಕೇಳಿದರು.

"ಖರೇನೋ ಸುಳ್ಳೋ, ಜಲ್ದಿ ಬರ್ತಾವ್ರಿ ಮಾಸ್ತರ."

ಎಲ್ಲರೂ ನಕ್ಕರು. ಈ ಸಲ ನನಗೆ ನಗು ಬರಲಿಲ್ಲ. ಮರು ವರ್ಷ ಮಾಸ್ತರು ಕಣ್ಣು ಮಂಜಾಗಿದೆ ಎಂದು ಕೆಲಸ ಬಿಟ್ಟು ಮನೆ ಸೇರಿದರು. ಮಾಲೀಕರು, "ಯಾರು ಓದ್ತಾರಪಾ ಈಗ," ಎಂದು ಎರಡೂ ಪೇಪರು ನಿಲ್ಲಿಸಿದರು. ನಾನು ಸಿಟ್ಟಿಗೆ ನನ್ನ ದುಡ್ಡಿನಲ್ಲೇ ಕೆಲವು ತಿಂಗಳು ಕನ್ನಡ ಪೇಪರು ತರಿಸಿದೆ. ಓದಿದರೆ ಕೇಳುವವರಿಲ್ಲ. ಗುಂಡಿಯ ಅಕ್ಕ ಮಾತ್ರ ಮರ್ಯಾದೆಗೆ "ಹೌದಾ?" ಅನ್ನುತ್ತಿದ್ದಳು, ಕಣ್ಣು ಫೋನಿನಲ್ಲಿ. ಒಂದು ದಿನ ನಾನೂ ಫೋನು ಕೊಂಡೆ. ಇದನ್ನು ಮುಚ್ಚಿಡುವುದಿಲ್ಲ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ನಮ್ಮ ಕಡೆಯ ನೆಂಟರದೊಂದು ಗ್ರೂಪಿಗೆ ನನ್ನನ್ನು ಸೇರಿಸಿದ. ಬೆಳಿಗ್ಗೆ ಎದ್ದರೆ ಹೂವಿನ ಚಿತ್ರ, ದೇವರ ಚಿತ್ರ, ಯಾವುದೋ ಬೇರು ಅರೆದು ಕುಡಿದರೆ ಸಕ್ಕರೆ ಕಾಯಿಲೆ ಮಾಯ. ನಾನು ಬೈದುಕೊಂಡೇ ನೋಡುತ್ತಿದ್ದೆ. ನೋಡದೆ ಇರುತ್ತಿರಲಿಲ್ಲ.

ಆ ಬೇಸಿಗೆಗೆ ನಾನೂ ನನ್ನ ಹೆಂಡತಿಯೂ ಒಂದು ಮಾತು ಆಡಿಕೊಂಡಿದ್ದೆವು. ಈ ಬೆಳೆ ಚೆನ್ನಾಗಿ ಬಂದು ಮಾರಾಟವಾದರೆ ನಾನು ಶೆಡ್ಡು ಬಿಟ್ಟು ಊರಿಗೆ ಬಂದುಬಿಡುವುದು. ಹುಳುಮನೆ ದೊಡ್ಡದು ಮಾಡಿ ಇಬ್ಬರೂ ಸೇರಿ ಸಾಕುವುದು. ಹುಳು ಪೊರೆ ಬಿಡುವ ನಾಲ್ಕೂ ಜ್ವರ ದಾಟಿ, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಹತ್ತಿದವು. ಬಿದಿರ ಚಂದ್ರಿಕೆಯ ಸುತ್ತು ಸುತ್ತಿನಲ್ಲಿ ಗೂಡು ತುಂಬಿ ನಿಂತದ್ದನ್ನು ಅವಳು ಫೋಟೋ ತೆಗೆದು ಕಳಿಸಿದಾಗ ನನಗೆ ತಡೆಯಲಾಗಲಿಲ್ಲ. ಮಾಲೀಕರಿಗೆ ಹೇಳಿಯೇಬಿಟ್ಟೆ, ಇದೇ ನನ್ನ ಕೊನೆಯ ತಿಂಗಳು ಅಂತ. ನನ್ನ ಮಿಷಿನ್ನನ್ನು ಆ ಕಲ್ಯಾಣದುರ್ಗದವನಿಗೆ ಕೊಡುವುದೆಂದು ಆಯಿತು.

ಬುಧವಾರ ಅವಳು ಗೂಡು ಬಿಡಿಸುತ್ತಿದ್ದಳು. ಗುರುವಾರ ಪಕ್ಕದ ಮನೆಯವರ ಟೆಂಪೋದಲ್ಲಿ ನಮ್ಮದನ್ನೂ ಹಾಕಿಕೊಂಡು ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಹೋಗುವುದೆಂದು ಮಾತಾಗಿತ್ತು. ಬುಧವಾರ ಮಧ್ಯಾಹ್ನ ಊಟದ ಡಬ್ಬಿ ತೆರೆದು ಕೂತವನು ಫೋನು ನೋಡಿದೆ. ಭಾವ ಕಳಿಸಿದ್ದ. ಹೂವಲ್ಲ, ದೇವರಲ್ಲ. ಪೇಪರಿನ ತುಂಡಿನ ಫೋಟೋ. ಗೂಡು ಕೊಂಡು ನೂಲು ತೆಗೆಯುವ ರೀಲರುಗಳ ಮುಷ್ಕರ, ಗೂಡಿನ ಮಾರುಕಟ್ಟೆ ಸೋಮವಾರದವರೆಗೆ ಬಂದ್, ರೈತರು ಗೂಡು ತರಬಾರದು. ಅಚ್ಚಾದ ಅಕ್ಷರ. ನಾನು ವರ್ಷಗಟ್ಟಲೆ ಬಾಯಿ ತುಂಬ ಓದಿದ ಅದೇ ಅಕ್ಷರ. ಬಾಯಲ್ಲಿದ್ದ ತುತ್ತು ನುಂಗುವ ಮೊದಲೇ ಮನೆಗೆ ಫೋನು ಹಚ್ಚಿದೆ.

"ಯಾರ್ ಯೇಳಿದ್ದು ನಿಮ್ಗೆ ಬಂದ್ ಅಂತ?" ಎಂದಳು.

"ಯಾರೂ ಯೇಳಿದ್ದಲ್ಲ, ಪೇಪರ್ನಾಗೆ ಬಂದೈತೆ. ನಾನೇ ಓದಿದೀನಿ."

"ಪಕ್ಕದ್ಮನೆಯೋರು ಒಂಟವ್ರಲ್ಲ ನಾಳಿಕ್ಕೆ? ಅವ್ರಿಗೆ ಗೊತ್ತಿಲ್ವಾ?"

"ಅವ್ರೇನು ಪೇಪರ್ ಓದ್ತಾರಾ? ಓಗ್ಲಿ ಬಿಡು. ಮಾರ್ಕೆಟ್ ಬಾಗ್ಲಾಗೆ ಗೂಡು ಸುರ್ಕೊಂಡು ಕೂತ್ಕಳ್ಳಿ."

"ಸ್ವಾಮಾರ್‌ಗಂಟ ಮಡಿಕ್ಕಂಡ್ರೆ ಚಿಟ್ಟೆ ಒಡೀತವೆ ಕಣ್ರೀ. ಬಿಸ್ಲು ಎಂಗೈತೆ ನೋಡಿ. ಒಂದ್ ಕಿತ ಓಗಿ ನೋಡ್ಕಂಡ್ ಬರ್ತೀನಿ."

"ನಾನ್ ಯೇಳ್ತಾ ಇಲ್ವಾ? ನೆಳ್ಳಾಗೆ ತೆಳ್ಳಗೆ ಅರವು. ಸ್ವಾಮಾರ ಬೆಳಿಗ್ಗೆ ಎಲ್ರಿಗಿಂತ ಮುಂದೆ ಒಂಟ್ರಾತು."

"ಆಗ್ಲಿ" ಎಂದು ಫೋನಿಟ್ಟಳು. ಮನೆಯಲ್ಲಿ ಓದಿದವನು ನಾನು ಎಂಬ ಲೆಕ್ಕ ಅವಳಿಗೂ ಇತ್ತು, ನನಗಂತೂ ಹೆಚ್ಚಾಗಿಯೇ ಇತ್ತು.

ಗುರುವಾರ ಪಕ್ಕದ ಮನೆಯ ಟೆಂಪೋ ಹೋಯಿತು. ಶುಕ್ರವಾರವೂ ಆ ಗಂಡಹೆಂಡಿರು ವಾಪಸ್ ಬರಲಿಲ್ಲ, ಅವರ ಫೋನು ಸ್ವಿಚ್ ಆಫ್. ಅವಳು ಇದನ್ನು ಹೇಳಿದಾಗ ನನಗೆ ಗೆದ್ದಷ್ಟು ಸಂತೋಷ. "ನೋಡ್ದಾ? ನಾನ್ ಯೇಳ್ಳಿಲ್ವಾ? ಅಲ್ಲೇ ಸಿಕ್ಕಾಕ್ಕೊಂಡವ್ರೆ," ಎಂದೆ. ಶೆಡ್ಡಿನಲ್ಲಿ ಗುಂಡಿಯ ಅಕ್ಕನಿಗೂ ಹೇಳಿಕೊಂಡೆ, ಓದಿಕೊಂಡವರಿಗೂ ಓದದವರಿಗೂ ಇದೇ ವ್ಯತ್ಯಾಸ ನೋಡಕ್ಕಾ ಅಂತ. ಆ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ಅವಳ ಫೋನು ಬಂತು. "ಬನ್ನಿ" ಎಂದಳು, ಅಷ್ಟೆ.

ಎರಡು ಬಸ್ಸು, ಒಂದು ಆಟೋ ಬದಲಿಸಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಮನೆಯೆಲ್ಲ ಚಿಟ್ಟೆ. ಹಾರಲಾರದ ಬಿಳಿ ಚಿಟ್ಟೆಗಳು, ರೆಕ್ಕೆ ಪಟಪಟ ಬಡಿಯುತ್ತ ತಟ್ಟೆಯ ಮೇಲೆ, ಗೋಡೆಯ ಮೇಲೆ, ಹಾಸಿದ ಪೇಪರಿನ ಮೇಲೆ. ಕೆಲವು ಆಗಲೇ ಜೋಡಿಯಾಗಿದ್ದವು. ಕೆಲವು ಪೇಪರಿನ ಸಾಲುಗಳ ಮೇಲೆ ರಾಗಿಯಷ್ಟು ಮೊಟ್ಟೆಗಳನ್ನು ಒತ್ತೊತ್ತಾಗಿ ಇಟ್ಟಿದ್ದವು. ಗೂಡು ಎತ್ತಿ ನೋಡಿದೆ. ಒಂದು ತುದಿಯಲ್ಲಿ ಕಂದು ಒದ್ದೆ, ನಡುವೆ ತೂತು. ಇನ್ನೊಂದು ಎತ್ತಿದೆ, ಅದೂ ತೂತು. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚುವುದಕ್ಕೆ ಆಗುವುದಿಲ್ಲ. ಎಳೆಯೆಲ್ಲ ತುಂಡು. ಹಿಂಜಿ ನೂಲುವವರು ಕಸದ ಬೆಲೆಗೆ ಒಯ್ಯುತ್ತಾರೆ, ಅಷ್ಟೆ.

ಅವಳು ಹೊಸ್ತಿಲಲ್ಲಿ ಕೂತಿದ್ದಳು, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತಾಡಿ ಹಗುರವಾಗುತ್ತಿದ್ದೆನೋ ಏನೋ.

ಸಂಜೆಯ ಹೊತ್ತಿಗೆ ಪಕ್ಕದ ಮನೆಯವರು ಬಂದರು. ಆಯಮ್ಮ ನಮ್ಮ ಅಂಗಳ ನೋಡಿ ಬಾಯಿಗೆ ಸೆರಗು ಹಿಡಿದಳು. "ಯಾಕ್ರವ್ವಾ, ತರ್ಲೇ ಇಲ್ಲ? ನಾವು ಗುರುವಾರ್ವೇ ಮಾರಿದ್ವಲ್ಲಾ. ಅಂಗೇ ಪೆನುಕೊಂಡಕ್ಕೆ ಮಗಳ ಮನೆಗೆ ಓಗಿ ಎರಡು ದಿನ ಇದ್ ಬಂದ್ವಿ." ಫೋನು ಯಾಕೆ ಆಫ್ ಎಂದರೆ, ಮೊಮ್ಮಗು ನೀರಿಗೆ ಹಾಕಿತ್ತಂತೆ.

ಸೋಮವಾರ ಗುಡಿಬಂಡೆಗೆ ಹೋಗಿ ಭಾವನನ್ನು ಹಿಡಿದೆ. ಅಕ್ಕ ಕಾಫಿ ತಂದಳು, ಮುಟ್ಟಲಿಲ್ಲ.

"ಎಲ್ಲಿಂದ ಬಂತದು?"

"ಯಾವುದಪ್ಪಾ?"

"ಮಾರ್ಕೆಟ್ ಬಂದ್ ಅಂತ ಕಳಿಸಿದ್ಯಲ್ಲ ಭಾವ!"

"ಓ ಅದಾ? ಬಂದಿತ್ತು, ಕಳಿಸ್ದೆ. ನಾನೇನು ಬರೆದ್ನಾ? ನೀನು ಉಳ ಸಾಕೋನು, ಉಪಯೋಗ ಆಗ್ಲಿ ಅಂತ."

"ನಿಜಾನೋ ಸುಳ್ಳೋ ನೋಡ್ಬೇಕಾ ಬ್ಯಾಡ್ವಾ?"

"ಓದ್ದೋನು ನೀನು. ನೀನೇ ನೋಡ್ಬೇಕಾಗಿತ್ತು."

ಕೈ ಎತ್ತುವಷ್ಟು ಸಿಟ್ಟು ಬಂತು. ಎತ್ತಲಿಲ್ಲ, ಅಕ್ಕ ನಿಂತಿದ್ದಳು. ಅವನಿಗೆ ಕಳಿಸಿದವನು ಗೊಬ್ಬರದ ಅಂಗಡಿಯವನು. ಅಂಗಡಿಗೆ ಹೋದೆ. ಅವನಿಗೆ ಕಳಿಸಿದವರು ಯಾರೋ ರೊಳ್ಳದ ಕಡೆಯವರು, ಇನ್ನೂರು ಜನರ ಇನ್ನೊಂದು ಗ್ರೂಪಿನಿಂದ. "ಡಿಲೀಟ್ ಮಾಡ್ಬಿಡಣ್ಣಾ, ಅದಕ್ಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯಾ?" ಎಂದು ನಗುತ್ತಾ ಹೇಳಿದ. ಬಸ್‌ಸ್ಟ್ಯಾಂಡಿನ ಏಜೆಂಟನನ್ನು ನೆನೆಸಿಕೊಂಡೆ. ಇಲ್ಲಿ ಯಾರ ಕೊರಳಪಟ್ಟಿ ಹಿಡಿಯಲಿ? ಎಲ್ಲರೂ ಕಳಿಸಿದವರೇ, ಹೇಳಿದವರು ಒಬ್ಬರೂ ಇಲ್ಲ.

ಮನೆಗೆ ಬಂದು ಮತ್ತೆ ಆ ಫೋಟೋ ತೆಗೆದು ನೋಡಿದೆ. ಆಗ ಕಂಡಿತು. ತಲೆಬರಹದ ಕೆಳಗೆ, ಸುದ್ದಿ ಶುರುವಾಗುವಲ್ಲಿ, ಊರೂ ದಿನವೂ ಇರಬೇಕಾದ ಸಾಲು ಇಲ್ಲ. ಯಾರೋ ಎರಡು ತುಂಡನ್ನು ಕೂಡಿಸಿ ಆ ಸಾಲನ್ನು ಬಿಟ್ಟಿದ್ದರು. ಬೇಕೆಂದೇ ಬಿಟ್ಟರೋ, ಜಾಗ ಸಾಲದೆ ಬಿಟ್ಟರೋ ದೇವರೇ ಬಲ್ಲ. ಆದರೆ ಇಲ್ಲ ಎಂಬುದು ನನ್ನ ಕಣ್ಣಿಗೆ ಬೀಳಬೇಕಿತ್ತು. ಕತ್ತರಿ ಎತ್ತಿ ತೋರಿಸಿದವರ ಮುಂದೆ ಅಷ್ಟು ವರ್ಷ ಕೂತವನು ನಾನು. ಕಲ್ಯಾಣದುರ್ಗದವನು ಯಾವ ಊರು, ಯಾವ ದಿನ ಎಂದು ಕೇಳದಿದ್ದರೆ ಅದು ಬೇರೆ. ನಾನು ಕೇಳಲಿಲ್ಲ.

ಅಷ್ಟಕ್ಕೆ ಸುಮ್ಮನಾಗುವ ಜಾಯಮಾನ ನನ್ನದಲ್ಲ. ಆ ಮಾತುಗಳನ್ನು ಎಲ್ಲೋ ಓದಿದ್ದೇನೆ ಎಂಬ ಗುಮಾನಿ ಕೊರೆಯುತ್ತಿತ್ತು. ಅಟ್ಟ ಹತ್ತಿ ಕಟ್ಟುಗಳನ್ನೆಲ್ಲ ಕೆಳಗೆ ಇಳಿಸಿದೆ. ನಾನು ಸ್ವಂತ ದುಡ್ಡಿನಲ್ಲಿ ತರಿಸಿದ ಪೇಪರುಗಳೂ ಅದರಲ್ಲಿದ್ದವು. ಎರಡು ದಿನ ಹುಡುಕಿದೆ. ಮೂರನೇ ದಿನ ಸಿಕ್ಕಿತು. ಒಳಪುಟ, ಕೆಳಗಿನ ಮೂಲೆ. ಊರು ಹಿಂದೂಪುರವಲ್ಲ, ರಾಜ್ಯದ ಗಡಿಯಾಚೆ ಬಹಳ ದೂರದ ಇನ್ನೊಂದು ಊರು. ದಿನ, ಹಿಂದಿನ ವರ್ಷದ್ದು. ಸುದ್ದಿ ನಿಜವೇ. ಅಲ್ಲಿ, ಆಗ. ಇದನ್ನೇ ನಾನು ಶೆಡ್ಡಿನಲ್ಲಿ ಗಟ್ಟಿಯಾಗಿ ಓದಿದ್ದೆ, ಊರನ್ನೂ ದಿನವನ್ನೂ ಮೊದಲು ಹೇಳಿ. ಆಗ ಯಾರೂ ಕೇಳಿಸಿಕೊಂಡಿರಲಿಲ್ಲ. ನನ್ನ ಕಿವಿಯೂ ಕೇಳಿಸಿಕೊಂಡಿರಲಿಲ್ಲ ಅಂತ ಕಾಣುತ್ತದೆ.

ಹಾಳೆಯನ್ನು ಹೆಂಡತಿಗೆ ತೋರಿಸಿದೆ. ಅವಳು ನೋಡಿ, "ಇದನ್ನ ಉಳಕ್ಕೆ ಆಸ್ಬ್ಯಾಡಿ, ಮಡಗಿರಿ," ಎಂದಳು. ಸಿಟ್ಟಿಗೆ ಹೇಳಿದಳೋ, ನಿಜವಾಗಿ ಹೇಳಿದಳೋ ಗೊತ್ತಾಗಲಿಲ್ಲ. ಮಡಗಿದ್ದೇನೆ.

ರಾಯದುರ್ಗಕ್ಕೆ ವಾಪಸ್ ಹೋಗಿ ಮಾಲೀಕರ ಮುಂದೆ ನಿಂತೆ. ಕೆಲಸ ಕೊಟ್ಟರು, ಆದರೆ ನನ್ನ ಮಿಷಿನ್ನು ಆಗಲೇ ಕಲ್ಯಾಣದುರ್ಗದವನ ಕೈಸೇರಿತ್ತು. ನನಗೆ ಬಾಗಿಲ ಹತ್ತಿರದ, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಸಿಕ್ಕಿತು. ದಿನವಿಡೀ ನೀಲಿ ನೂಲಿನ ಧೂಳು ಮೂಗಿಗೆ. ಆ ಟೈಲರು ಒಂದು ದಿನ ನನ್ನ ಹತ್ತಿರ ಬಂದು, "ಅಣ್ಣಾ, ಬಳ್ಳಾರ್ಯಾಗ ಜೀನ್ಸ್ ಶೆಡ್ಡೆಲ್ಲಾ ಸೀಲ್ ಮಾಡ್ತಾರಂತ, ನೋಡಿಲ್ಲಿ," ಎಂದು ಫೋನು ಹಿಡಿದ. ಶೆಡ್ಡೆಲ್ಲ ಗಾಬರಿಯಿಂದ ಅವನ ಸುತ್ತ ನಿಂತಿತ್ತು.

"ಯಾವತ್ತಿನ ಸುದ್ದಿ ಅದು?" ಎಂದೆ.

"ಗೊತ್ತಿಲ್ಲಣ್ಣ."

"ಯಾರು ಸೀಲ್ ಮಾಡ್ತಾರಂತೆ?"

"ಅದೂ ಇಲ್ಲ."

"ಹಂಗಾರೆ ಅದನ್ನ ಜೇಬಿಗಿಟ್ಟು ಮಿಷಿನ್ ತುಳಿ!" ಎಂದು ನಾನು ಕೂಗಿದ್ದು ಬೀದಿಗೆ ಕೇಳಿಸಿತಂತೆ. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದರು. ಯಾರೂ ನಗಲಿಲ್ಲ, ನನ್ನ ಗೂಡಿನ ಕತೆ ಎಲ್ಲರಿಗೂ ಗೊತ್ತಿತ್ತು. ಆದರೆ ಮರುದಿನ ಊಟದ ಹೊತ್ತಿಗೆ ನೋಡಿದರೆ ಮತ್ತೆ ಎಲ್ಲರ ತಲೆಯೂ ಬಗ್ಗಿತ್ತು.

ಹೆಂಡತಿ ಮತ್ತೆ ಹುಳು ಇಟ್ಟಳು. ಮಳೆಗಾಲದ ಬೆಳೆ ಅಷ್ಟಕ್ಕಷ್ಟೆ. ಅದರ ಮುಂದಿನದರ ಬಗ್ಗೆ ಫೋನಿನಲ್ಲಿ ಕೇಳಿದರೆ, "ಐತೆ, ತಿಂತವೆ" ಅನ್ನುವುದು ಬಿಟ್ಟು ಹೆಚ್ಚು ಹೇಳುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಓವರ್‌ಲಾಕ್ ಮುಂದೆ ಕೂತಿದ್ದಾಗ ಫೋನು ಬಂತು. ಹಿಂದೆ ಸಂತೆಯಂಥ ಗದ್ದಲ. ತೆಲುಗಿನಲ್ಲಿ ಯಾರೋ ಕೂಗುತ್ತಿದ್ದರು.

"ಎಲ್ಲಿದೀಯಾ?"

"ಮಾರ್ಕೆಟ್ನಾಗೆ. ಗೂಡು ತಂದಿದ್ದೆ."

"ಮಾರ್ಕೆಟ್ ತೆಗ್ದೈತೆ ಅಂತ ಯಾರ್ ಯೇಳಿದ್ರು?"

"ಯಾರೂ ಯೇಳ್ಳಿಲ್ಲ. ಇಂದೂಪುರ, ಇವತ್ತು, ಅನ್ನೊಂದು ಗಂಟೆ. ನಾನೇ ನಿಂತಿದೀನಿ. ಸಾಕಾ?"

ನನಗೆ ಸಿಟ್ಟೇ ಬಂತು. ಗೂಡು ಬಿಡಿಸಿದ್ದು ಗೊತ್ತಿಲ್ಲ, ಹೊರಟದ್ದು ಗೊತ್ತಿಲ್ಲ. ಮನೆಯ ಯಜಮಾನ ನಾನು, ಎಲ್ಲ ಮುಗಿದ ಮೇಲೆ ನನಗೆ ಸುದ್ದಿ.

"ಮೊದ್ಲೇ ಯಾಕೆ ಯೇಳ್ಳಿಲ್ಲ ನಂಗೆ?"

"ಯೇಳಿದ್ರೆ ನೀವು ಫೋನ್ ನೋಡ್ತಿದ್ರಿ," ಎಂದಳು. ಗದ್ದಲದೊಳಗೂ ಅವಳ ಧ್ವನಿ ತಣ್ಣಗಿತ್ತು. "ಒಳ್ಳೇ ರೇಟೇ ಬಂತು. ಶೆಡ್ಡು ಬಿಟ್ಟು ಬರಾದಾದ್ರೆ ಬನ್ನಿ. ಬರೋವಾಗ ಪೇಪರ್ ತಗೊಂಡ್ ಬನ್ನಿ, ಅಟ್ಟದ ಮ್ಯಾಲಿಂದೆಲ್ಲಾ ಮುಗೀತು, ಉಳಕ್ಕೆ ಆಸಕ್ಕೆ ಒಂದೂ ಇಲ್ಲ."

ಕೈಯಲ್ಲಿದ್ದ ಬಂಡಲನ್ನು ಮುಗಿಸಿ ಎದ್ದೆ. ಶೆಡ್ಡಿನಲ್ಲಿ ಒಂದು ಹಾಳೆಯೂ ಇರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋದೆ. ಆ ಏಜೆಂಟ್ ಈಗ ಪೇಪರಿನ ಜೊತೆ ಸಿಮ್ಮೂ ಮಾರುತ್ತಾನೆ. ಮಾರಾಟವಾಗದೆ ಉಳಿದ ಹಳೇ ಪೇಪರಿನ ಕಟ್ಟೊಂದನ್ನು ಅವನಿಂದ ತೂಕಕ್ಕೆ ಕೊಂಡು, ಹೆಗಲಿಗೆ ಹಾಕಿಕೊಂಡು ಊರಿನ ಬಸ್ಸು ಹತ್ತಿದೆ.